ನೀನು ಏಳು

ನಾರಿನ್ ಊರಿನ ಶಾಲೆ. ಹೊರಗೆ ಮೈನಸ್ ಇಪ್ಪತ್ತೆರಡು.
ಕಲ್ಲಿದ್ದಲ ಒಲೆ ಹೊಗೆಯುತ್ತಿದೆ, ಕಿಟಕಿಗೆ ಕಂಬಳಿ.
ಜರ್ಮನಿಯ ಯಾವುದೋ ಬ್ಯಾಂಕು ಬೇಡವೆಂದು ಕಳಿಸಿದ
ಹನ್ನೆರಡು ಕಂಪ್ಯೂಟರು ಸಾಲಾಗಿ ಕೂತಿವೆ.
ಗುಟ್ಟು ಹೊರಬೀಳದಿರಲೆಂದು
ಒಂದೊಂದರ ಡಿಸ್ಕನ್ನೂ ಕಿತ್ತುಕೊಂಡಿದ್ದಾರೆ.
ನಾಲ್ಕು ತಿರುಪು ಉಳಿದಿವೆ,
ಹಿಡಿದುಕೊಳ್ಳಲು ಏನೂ ಇಲ್ಲದೆ.

‘ನೆನಪೇ ಇಲ್ಲದ್ದು ಏಳುವುದು ಹೇಗೆ, ಎಜೆ?’
ಬುರುಲ್ಚಾ ಕೇಳಿದಳು. ಎಜೆ ಅಂದರೆ ಅಕ್ಕ, ಟೀಚರೂ ಹೌದು.
ಮೇಜಿನಡಿಯ ಹದಿಮೂರನೆಯದನ್ನು ತೋರಿಸಿದೆ.
ಅದಕ್ಕೆ ಡಿಸ್ಕ್ ಇದೆ. ನನ್ನ ದುಡ್ಡಿನದು,
ಎರಡು ಕುರಿಯ ಬೆಲೆ.
ಗಂಡನಿಗೆ ಒಂದು ಕುರಿ ಅಂದಿದ್ದೇನೆ.

ಗುಂಡಿ ಒತ್ತಿದರೆ ಯಂತ್ರ ತಂತಿಗೆ ಬಾಯಿಟ್ಟು
ಯಾರ ಹೆಸರನ್ನೂ ಹಿಡಿಯದೆ ಎಲ್ಲರನ್ನೂ ಕೂಗುತ್ತದೆ:
ಯಾರಿದ್ದೀರಿ? ನಾನು ಯಾರು? ನಾನೆಲ್ಲಿರಲಿ?
ಹದಿಮೂರನೆಯದು ಪಟ್ಟಿ ನೋಡಿ ಓಗೊಡುತ್ತದೆ:
ನೀನು ಮೂರು. ನೀನು ನಾಲ್ಕು. ತಗೋ, ಉಣ್ಣು.
ಐನೂರ ಹನ್ನೆರಡು ಬೈಟಿನ ಒಂದು ತುತ್ತು,
ನುಂಗಿ ‘ಹ್ಞೂ’ ಅಂದ ಮೇಲೆ ಇನ್ನೊಂದು.
‘ಹ್ಞೂ’ ಕೇಳದಿದ್ದರೆ ಅದೇ ತುತ್ತು ಮತ್ತೆ.
ಮೊದಲ ಮಗುವಿಗೆ ನಾನೂ ಹೀಗೆ ಉಣಿಸಿದ್ದೆ.
ಎರಡನೆಯದಕ್ಕೆ ಅಷ್ಟು ತಾಳ್ಮೆ ಉಳಿದಿರಲಿಲ್ಲ.

ಹನ್ನೊಂದು ಎದ್ದವು.
ಏಳನೆಯದು ಏಳಲಿಲ್ಲ.
ಕೂಗಿತು, ನಾಲ್ಕು ಸೆಕೆಂಡು ಕಾಯಿತು.
ಕೂಗಿತು, ಎಂಟು. ಕೂಗಿತು, ಹದಿನಾರು.
ತಂತಿ ಬದಲಿಸಿದೆ. ಸ್ವಿಚ್ಚಿನ ದೀಪ ಹಸಿರೇ ಇದೆ.
ಕೂಗಿತು, ಮೂವತ್ತೆರಡು.
ಆಮೇಲೆ ಕರಿಯ ಪರದೆಯಲ್ಲಿ ಒಂದೇ ಸಾಲು:
ಯಾರೂ ಉತ್ತರಿಸಲಿಲ್ಲ.

ಏಳು ತಲೆಮಾರಿನ ತಂದೆಯರ ಹೆಸರು ಬಾರದವರನ್ನು
ನಮ್ಮಲ್ಲಿ ದಿಕ್ಕಿಲ್ಲದವರು ಅನ್ನುತ್ತಾರೆ.
ಹೋದ ವಾರ ಇತಿಹಾಸದ ಮೇಷ್ಟ್ರು ಕೇಳಿದ್ದಕ್ಕೆ
ಹುಡುಗರು ಮಗ್ಗಿಯ ಹಾಗೆ ಗಡಗಡ ಒಪ್ಪಿಸಿದರಂತೆ.
ಬುರುಲ್ಚಾ ಅನಾಥಾಲಯದವಳು. ಒಂದೂ ಇಲ್ಲ.
ಬೆಂಚಿನ ಬಿರುಕಿಗೆ ಉಗುರು ತೂರಿಸಿ ನಿಂತಿದ್ದಳಂತೆ,
ಗಂಟೆ ಹೊಡೆಯುವ ತನಕ.

ಈಗ ಅವಳೇ ಏಳನೆಯದರ ಬೆನ್ನಿಗೆ ಟಾರ್ಚು ಬಿಟ್ಟು
ಅಂಟಿಸಿದ ಚೀಟಿ ಓದಿದಳು,
ಎರಡೆರಡೇ ಅಕ್ಷರ, ಆರು ಜೊತೆ.
ನನ್ನ ಪಟ್ಟಿಯ ಮೇಲೆ ಬೆರಳಿಟ್ಟಳು.
‘ಎಜೆ, ಇದು ಎಂಟಲ್ಲ. ಬಿ.’
ನನ್ನದೇ ಕೈಬರಹ,
ಕನ್ನಡಕ ಮರೆತು ಬಂದ ದಿನದ್ದು.
ಅದು ಇಷ್ಟು ಹೊತ್ತೂ ಸರಿಯಾಗಿಯೇ ಕೂಗಿತ್ತು.

ತಿದ್ದಿದೆ. ಗುಂಡಿ ಅವಳೇ ಒತ್ತಿದಳು.
ಕೂಗು.
ನೀನು ಏಳು.
ತುತ್ತು. ಹ್ಞೂ. ತುತ್ತು. ಹ್ಞೂ.
ಬುರುಲ್ಚಾಳ ತುಟಿಯೂ ಅಲ್ಲಾಡುತ್ತಿತ್ತು,
ಎಣಿಸುತ್ತಿದ್ದಳೋ, ತಾನೂ ಹ್ಞೂಗುಟ್ಟುತ್ತಿದ್ದಳೋ.

ಐದಕ್ಕೆ ಕರೆಂಟು ಹೋಯಿತು. ಹನ್ನೆರಡೂ ಎಲ್ಲ ಮರೆತವು.
ನಾಳೆ ಎಂಟಕ್ಕೆ ಮತ್ತೆ ಅದೇ, ನಾನು ಯಾರು, ನಾನು ಯಾರು;
ಹದಿಮೂರನೆಯದಕ್ಕೆ ಬೇಸರವೆಂಬುದಿಲ್ಲ.
ಒಲೆಯ ಬೂದಿ ಕೆದಕಿ, ಬಾಗಿಲಿಗೆ ಬೀಗ ಹಾಕಿ,
ಹಿಮದಲ್ಲಿ ಅವಳನ್ನು ಗೇಟಿನ ತನಕ ಬಿಟ್ಟು ಬಂದೆ.
ಮನೆಗೆ ಹೋಗಿ ಇವತ್ತಾದರೂ
ಎರಡನೇ ಕುರಿಯ ವಿಷಯ ಹೇಳಿಬಿಡಬೇಕು.