ಎಡಗಡೆ ಖಾಲಿ

ಮೈನಸ್ ಮೂವತ್ತೊಂದು. ಉಲಾನ್‌ಬಾತರಿನ ಗುಡ್ಡದಂಚಿನ ಡೇರೆಗಳೆಲ್ಲ
ಕಲ್ಲಿದ್ದಲ ಹೊಗೆ ಕೆಮ್ಮುವ ಬೆಳಗು.
ಬಸ್ಸಿನ ಕಿಟಕಿಗೆ ಕಟ್ಟಿದ ಹಿಮವನ್ನು ಉಗುರಲ್ಲಿ ಕೆರೆದು
ಮೂತ್ರಪಿಂಡವೊಂದನ್ನು ಬರೆದೆ:
ತೊಗಟೆ, ತಿರುಳು, ಬಟ್ಟಲು, ನಾಳ.
ಪಕ್ಕದ ಮುದುಕ ಬಗ್ಗಿ ನೋಡಿ, ‘ಕಿವಿಯೇ?’ ಅಂದ.
‘ಹೌದು’ ಅಂದೆ. ಪೂರಾ ಸುಳ್ಳಲ್ಲ;
ದಿನವಿಡೀ ರಕ್ತದ ಮಾತು ಕೇಳಿ ಕೇಳಿ
ಬೇಕಾದ್ದನ್ನು ಇಟ್ಟುಕೊಂಡು
ಬೇಡದ್ದನ್ನು ಬಿಡುವುದೇ ಅದರ ಕೆಲಸ.

ಈ ಚಳಿಗಾಲಕ್ಕೆ ಮೂರು ಪಾಠ:
ಅರಗಿಸುವುದು, ಸೋಸುವುದು, ಹೆರುವುದು.
ಶುಕ್ರವಾರ ಪರೀಕ್ಷೆ.
ಮಾರಲ್ಮಾ ಹಾಸ್ಟೆಲಿನ ಗೋಡೆಯುದ್ದಕ್ಕೂ ಇಪ್ಪತ್ತೆರಡು ಅಡಿ ದಾರ ಎಳೆದು
ಸಣ್ಣಕರುಳೆಂದು ಹೆಸರಿಟ್ಟು
ಈಗ ಅದರ ಮೇಲೆ ಕಾಲುಚೀಲ ಒಣಹಾಕಿದ್ದಾಳೆ.

ನನಗೆ ಕರುಳು ಹೊಸದಲ್ಲ.
ಕುರಿಯ ಎದೆಯಲ್ಲಿ ಗೇಣಿಗೂ ಕಮ್ಮಿ ಸೀಳು, ಒಳಗೆ ಕೈ,
ಒಂದು ನಾಡಿ ಚಿವುಟಿದರೆ ಮುಗಿಯಿತು;
ಹನಿ ನೆತ್ತರೂ ನೆಲ ಮುಟ್ಟಬಾರದು.
ಏಳನೇ ವಯಸ್ಸಿಗೇ ಅಜ್ಜಿ ದುಲಮ್‌ಸುರೆನ್ ನನ್ನ ಕೈಗೆ ಕೊಟ್ಟಳು
ಹಬೆಯಾಡುವ ಹಗ್ಗ.
‘ಹರಿಯಬೇಡ. ಒಳಗಿನ ಹುಲ್ಲು ಅದರದ್ದು, ಚೀಲ ನಮ್ಮದು.’
ಹೊಳೆಯಲ್ಲಿ ಮಗುಚಿ ತೊಳೆದು
ನೆತ್ತರು, ಕಾಡು ಈರುಳ್ಳಿ, ಹಿಟ್ಟು ತುಂಬಿ ಬೇಯಿಸುತ್ತಿದ್ದೆವು.
ವಸಂತದಲ್ಲಿ ಅದೇ ಕೈ
ಅಡ್ಡಬಿದ್ದ ಮರಿಯನ್ನು ತಾಯಿಯೊಳಗೇ ತಿರುಗಿಸಿ ಎಳೆದು
ಮೂತಿಯ ಲೋಳೆ ಒರೆಸಿ ಉಸಿರು ಬರಿಸುತ್ತಿತ್ತು.
ಕೊಲ್ಲುವುದಕ್ಕೊಂದು ಕೈ, ಹೆರಿಸುವುದಕ್ಕೊಂದು ಕೈ
ಅಂತ ಅವಳಿಗೆ ಇರಲಿಲ್ಲ.
ಹೆಸರುಗಳೂ ಅಷ್ಟಾಗಿ ಇರಲಿಲ್ಲ.

ಇಲ್ಲಿ, ಒಂಬತ್ತನೇ ಮೇಜಿನ ಮೇಲೆ, ಹೆಸರಿಲ್ಲದ ಹೆಂಗಸು;
ಮೈತುಂಬ ಲ್ಯಾಟಿನ್ ಹೆಸರು.
ಜಠರ ಯಾರೋ ಕಳಚಿಟ್ಟು ಮರೆತ ಕೈಗವಸು.
ಗರ್ಭಕೋಶ ತಲೆಕೆಳಗಾದ ಪಿಯರ್ ಹಣ್ಣು ಅನ್ನುತ್ತದೆ ಪುಸ್ತಕ
(ಪಿಯರ್ ನಾನು ಕಂಡದ್ದು ಡಬ್ಬಿಯಲ್ಲಿ, ಹೋಳಾಗಿ).
ಅದರ ಬಾಯಿ ಗುಂಡಗಿಲ್ಲ, ಅಡ್ಡಗೆರೆ:
ಹೆತ್ತವಳು ಎಂದು ತಿಳಿಯುವುದು ಹಾಗೆ.
ಯಾರನ್ನು ಎಂದು ತಿಳಿಯುವುದಿಲ್ಲ.

ಬಲಗಡೆಯ ಮೂತ್ರಪಿಂಡ ಸಿಕ್ಕಿತು. ದೊಡ್ಡದು,
ಒಂಟಿ ಎತ್ತು ಇಡೀ ಹೊಲ ಉತ್ತು ಬಲಿತ ಹಾಗೆ.
ಎಡಗಡೆ ಕೊಬ್ಬು ಸರಿಸಿದೆ. ಇನ್ನೂ ಸರಿಸಿದೆ.
ಬೆರಳಿಗೆ ಖಾಲಿ ತಾಗಿತು;
ಮೊಟಕು ನಾಳದ ಮೂತಿಗೆ ಬಿಗಿದ ಕರಿನೂಲು.
ಯಾರೋ ಅಚ್ಚುಕಟ್ಟಾಗಿ ಗಂಟು ಹಾಕಿದ್ದರು.

ಪ್ರೊಫೆಸರ್ ಲುವ್ಸಂದೋರ್ಜ್ ಬಗ್ಗಿ ನೋಡಿದರು.
‘ಎಡ ಮೂತ್ರಪಿಂಡ: ಇಲ್ಲ. ಬರೆದುಕೋ.’
‘ರೋಗಕ್ಕೆ ತೆಗೆದದ್ದೋ ಸಾರ್, ಕೊಟ್ಟದ್ದೋ?’
‘ಅದು ನಮ್ಮ ಪಾಠದಲ್ಲಿಲ್ಲ.’
ಆದರೂ ಹತ್ತನೇ ಮೇಜಿಗೆ ಹೋಗುವ ಮುಂಚೆ
ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ರಾತ್ರಿ ಫೋನಿನಲ್ಲಿ ಅಜ್ಜಿಗೆ ಹೇಳಿದೆ.
ಗಾಳಿ ಮಾತು ತಿನ್ನುತ್ತಿತ್ತು, ಮೇಕೆಗಳು ನಡುವೆ ಬಾಯಿ ಹಾಕುತ್ತಿದ್ದವು.
‘ಕೊಟ್ಟದ್ದೇ ಇರಬೇಕು’ ಅಂದಳು, ಕುರಿ ಎಣಿಸಿದಷ್ಟು ಖಚಿತವಾಗಿ.
ಆಮೇಲೆ, ‘ನೀನು ಸೊಂಟಕ್ಕೆ ಪಟ್ಟಿ ಬಿಗಿದಿದ್ದೀಯೋ ಇಲ್ಲವೋ?
ಚಳಿ ಮೊದಲು ಕಚ್ಚುವುದು ಅಲ್ಲೇ, ಬೆನ್ನ ಹಿಂದೆ.
ಹುಡುಗಿಯರು ಈಗೀಗ ಮೋಟು ಜಾಕೆಟ್ ಹಾಕುತ್ತಾರೆ.’

ಶುಕ್ರವಾರ. ಮೊದಲ ಪ್ರಶ್ನೆ:
ಮಾನವ ದೇಹದಲ್ಲಿ ಮೂತ್ರಪಿಂಡಗಳು ಎಷ್ಟು, ಎಲ್ಲೆಲ್ಲಿ?
ಎರಡು ಎಂದು ಬರೆದೆ.
ಒಂದು ಒಂಬತ್ತನೇ ಮೇಜಿನ ಮೇಲಿದೆ.
ಇನ್ನೊಂದು ಎಲ್ಲಿದೆಯೋ,
ಯಾವ ಬಸ್ಸಿನಲ್ಲಿ ಸರಳು ಹಿಡಿದು ನಿಂತಿದೆಯೋ,
ಅದಕ್ಕಾದರೂ
ಉದ್ದನೆಯ ಕೋಟು ಇರಲಿ.