ಮಿಲ್ಲಿನ ತಿರುವು

ಏಪ್ರಿಲ್. ಹಿಯುಮಾ ದ್ವೀಪದ ದಾರಿಗಳಿಂದ
ಹಿಮ ಹೋಗಿತ್ತು. ಹಿಮಕ್ಕೆಂದು ಚೆಲ್ಲಿದ ಉಪ್ಪು
ಕಾರಿನ ಹೊಟ್ಟೆ ಸೇರಿ ಅಲ್ಲೇ ಮನೆ ಮಾಡಿತ್ತು.
ನನ್ನ ಲಾಡಾಕ್ಕೆ ಮೂವತ್ತಾರು, ಟಪಾಲು ಹಂಚುವ ನನಗೆ ಐವತ್ತೊಂಬತ್ತು.
ಇಬ್ಬರೂ ಎದ್ದು ನಿಲ್ಲುವಾಗ ಏನಾದರೊಂದು ಲಟಕ್ಕೆನ್ನುತ್ತದೆ.

ಹಿಂಭಾಗ ಎತ್ತಿ, ಕಬ್ಬಿಣದ ಕುದುರೆ ಎರಡು ಕೊಟ್ಟು,
"ಬರೀ ಜ್ಯಾಕು ನಂಬಿ ಒಳಗೆ ಹೋಗಬೇಡ" ಎಂಬ ತಮ್ಮ ಕಾಲ್ಯೊನ ಮಾತನ್ನು
ಗಟ್ಟಿಯಾಗಿ ನನಗೇ ಹೇಳಿಕೊಂಡು
ಆಲೂಗಡ್ಡೆಯ ಗೋಣಿ ಹಾಸಿ ಅಂಗಾತ ಒಳಸರಿದೆ.

ಅಲ್ಲೊಂದು ಆಕಾಶ.
ಕಂದು ಬಣ್ಣದ್ದು, ಮೂಗಿನಿಂದ ಒಂದು ಗೇಣು ಮೇಲೆ,
ಮುಟ್ಟಿದರೆ ಉದುರುವಂಥದ್ದು.

ಸೈಲೆನ್ಸರಿನ ಕುತ್ತಿಗೆಗೆ ಕಾಲ್ಯೊ ಸುತ್ತಿದ ಮೀನಿನ ಡಬ್ಬಿಯ ತಗಡು,
ಅದರ ಮೇಲೆ ಬೇಲಿಯ ತಂತಿ.
"ಈ ಚಳಿ ಕಳೆಯಲಿ, ಸಾಕು" ಅಂದಿದ್ದ.
ನಾಲ್ಕು ಚಳಿ ಕಳೆದವು. ಅವನು ಟುರ್ಕುವಿನ ಹಡಗುಕಟ್ಟೆ ಸೇರಿದ.
ತಗಡಿನ ಮೇಲೆ ಅರ್ಧ ಮೀನು, ಬಾಲದ ಕಡೆಯದು,
ಇನ್ನೂ ಬಣ್ಣ ಬಿಟ್ಟಿಲ್ಲ.

ನಟ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ.
ಅದಕ್ಕೆ ಎಣ್ಣೆ ಕುಡಿಸಿದೆ. ಒಳಗೆ ಹೋಗಿ ನಾನು ಕಾಫಿ ಕುಡಿದೆ.
ಬಂದು ಮತ್ತೆ ಕುಡಿಸಿದೆ. ಸ್ಪ್ಯಾನರಿಗೆ ಪೈಪು ತೊಡಿಸಿ ಜೋತುಬಿದ್ದರೆ
ಆರು ಮೂಲೆಯ ನಟ್ಟು ಗೋಲಿಯ ಹಾಗೆ ದುಂಡಗಾಯಿತು.
ಕೊನೆಗೆ ಗರಗಸ. ಎರಡು ಬ್ಲೇಡು ಮುರಿದವು.
ಕಣ್ಣಿಗೆ ಕನ್ನಡಕವಿತ್ತು, ಬಾಯಿಗೆ ಏನೂ ಇರಲಿಲ್ಲ,
ಬೈಯುವುದಕ್ಕೆ ತೆರೆದಾಗಲೆಲ್ಲ ಒಳಗೊಂದಿಷ್ಟು ತುಕ್ಕು.
ಹಲ್ಲು ಕಿತ್ತ ದಿನದ ರುಚಿ ಅದಕ್ಕೆ.

ಕಡೆಗೆ ಕಳಚಿಕೊಂಡು ಎದೆಯ ಮೇಲೆ ಬಿತ್ತು.
ಕೂಸಿನಷ್ಟೇ ಭಾರ. ಅಲ್ಲಾಡಿಸಿದರೆ ಒಳಗೆ ಮರಳು ಜರಜರ.

ಹೊಸದು ಅಂಚೆಯಲ್ಲಿ ಬಂದಿತ್ತು.
ನಾನೇ ಹೊತ್ತು ತಂದು, ನನ್ನದೇ ಬಾಗಿಲಲ್ಲಿ ನಿಂತು
ನನ್ನ ಪುಸ್ತಕದಲ್ಲಿ ನಾನೇ ಸಹಿ ಹಾಕಿಕೊಂಡ ಪಾರ್ಸೆಲ್ಲು.
ರಬ್ಬರು ಬಳೆಗಳಿಗೆ ಪಾತ್ರೆಯ ಸೋಪು ಸವರಿ ತೂಗುಹಾಕಿದೆ:
ಒಂದು ಸಲೀಸು, ಎರಡನೆಯದು ಹಟಮಾರಿ,
ಮೂರನೆಯದಕ್ಕೆ ಎರಡೂ ಪಾದ ಎತ್ತಿ ಒದೆಯಬೇಕಾಯಿತು
(ಯಾರೂ ನೋಡಲಿಲ್ಲ, ಪಕ್ಕದ ಮನೆಯ ಹೆಬ್ಬಾತು ಒಂದನ್ನು ಬಿಟ್ಟರೆ).

ಕೀಲಿ ತಿರುಗಿಸಿದೆ.
ಸದ್ದಿಲ್ಲ. ಸತ್ತಿತು ಅಂದುಕೊಂಡು ಮತ್ತೆ ತಿರುಗಿಸಿದರೆ
ಆಗಲೇ ಓಡುತ್ತಿದ್ದ ಎಂಜಿನ್ನು ಕಿರ್ರೆಂದು ಗದರಿತು.

ಮರುದಿನ ಟಪಾಲಿಗೆ ಹೊರಟೆ.
ಡಬ್ಬಿಯ ಹತ್ತಿರ ಯಾರೂ ಇಲ್ಲ.
ಚಪ್ಪಲಿ ಎಳೆಯುತ್ತ ಗೇಟಿಗೆ ಬರುತ್ತಿದ್ದ ಎಂಡೆಲ್ ಇಲ್ಲ,
ಬೇಲಿಗುಂಟ ಓಡಿಬರುವ ಅವನ ನಾಯಿಯೂ ಇಲ್ಲ.
ಊರಿಗೆ ಊರೇ ನನ್ನ ಮೇಲೆ ಮುನಿಸಿಕೊಂಡ ಹಾಗೆ.

ವೈಕೆಯ ಪಿಂಚಣಿಗೆ ಸಹಿ ಬೇಕು. ಇಳಿದೆ, ಬಾಗಿಲು ತಟ್ಟಿದೆ.
ಹನ್ನೊಂದು ವರ್ಷದಲ್ಲಿ ಆ ಬಾಗಿಲು ತಟ್ಟಿದ್ದು ಅದೇ ಮೊದಲು.
ತೆರೆದವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.
"ನಡೆದು ಬಂದೆಯಾ? ಕಾರಿಗೆ ಏನಾಯಿತು?"
"ರಿಪೇರಿ ಆಯಿತು."
"ಅಯ್ಯೋ, ನೀನು ಮಿಲ್ಲಿನ ತಿರುವಲ್ಲಿ ಗುಡುಗಿದಾಗ
ನಾನು ಲೋಟದಿಂದ ಹಲ್ಲಿನ ಸೆಟ್ಟು ತೆಗೆಯುತ್ತಿದ್ದೆ.
ಗೇಟಿಗೆ ಬರುವಷ್ಟರಲ್ಲಿ ಸರಿಯಾಗಿ ಕೂರುತ್ತಿತ್ತು."

ಕೈಯ ಮರೆಯಿಂದಲೇ ನಕ್ಕಳು. ಬಾ ಅಂದಳು.
ಹೋದೆ. ಕಿಟಕಿಯಲ್ಲಿ ಸಬ್ಬಸಿಗೆಯ ಸಸಿ, ಲೋಟದಲ್ಲಿ ಅವಳ ನಗು.
ನಾನು ಗೋಡೆಯ ಕಡೆ ತಿರುಗಿ ನಿಂತೆ,
ಅವಳು ಹಾಕಿಕೊಂಡು, "ಹೂಂ, ಈಗ ನೋಡು" ಅನ್ನುವ ತನಕ.

ಈಗ ಮಿಲ್ಲಿನ ತಿರುವಿನಲ್ಲಿ ಉದ್ದಕ್ಕೆ ಒಂದು ಹಾರ್ನು ಹೊಡೆಯುತ್ತೇನೆ.
ಮೀನಿನ ತಗಡು ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿದೆ.
ನಿನ್ನೆ ಕಾಲ್ಯೊ ಫೋನು ಮಾಡಿದ್ದ:
ನೂರು ಕಿಲೋಮೀಟರ್ ಆದ ಮೇಲೆ ಕ್ಲ್ಯಾಂಪು ಇನ್ನೊಮ್ಮೆ ಬಿಗಿ ಮಾಡು.
ಗೋಣಿ ಹಾಸಿದೆ, ಒಳಸರಿದೆ.
ಕಾಲು ಸುತ್ತು ಹಿಡಿಯಿತು.