ತೂಕಕ್ಕ ಬಾರದ್ದು

ಸೋಮವಾರ, ಗುರುವಾರ ಬ್ಯಾಡಗಿ ಪ್ಯಾಟಿ.
ಚೀಲ ಬಿಚ್ಚಿದ ಕೂಡ್ಲೆ ಕೆಂಪು ಧೂಳಿ ಏಳತೈತಿ.
ಹಮಾಲರು ಸೀನತಾರ, ದಲಾಲರು ಸೀನತಾರ,
ಗ್ವಾಡಿ ಮ್ಯಾಲಿನ ಲಕ್ಷ್ಮೀ ಫೋಟೋಕ್ಕೂ ಒಂದು ಪದರ ಖಾರ.
ನಾನು ಅಂಗಡಿ ಕಟ್ಟಿ ಮ್ಯಾಲ ಕುಂತು
ತೂಕ ಬರಕೊಳ್ಳಾಕಿ:
ಡಬ್ಬಿ ಇಷ್ಟು, ಕಡ್ಡಿ ಇಷ್ಟು,
ಚೀಲದ ತೂಕ ಕಳದು ಇಷ್ಟು.

ತಲಿ ಬೋಳಾದ್ರ ಸೆರಗು ಐತಿ.
ಹುಬ್ಬು ಹೋದ್ರ ಕಾಡಿಗಿ ಐತಿ.
ರೆಪ್ಪಿಗೂದಲು ಹೋದ್ರ
ಏನೂ ಇಲ್ಲ.
ಯಾರೂ ಹೇಳಿರಲಿಲ್ಲ ನನಗ ಅದನ್ನ.
ಹಣಿ ಬೆವರು ನೆಟ್ಟಗ ಕಣ್ಣಿಗೇ ಇಳೀತೈತಿ,
ಖಾರದ ಧೂಳಿ ಹೇಳದ ಕೇಳದ ಒಳಗ ಹೊಕ್ಕತೈತಿ.
ಆರು ವರ್ಷ.
"ಕಸ್ತೂರಿ, ಯಾಕ ಅಳಾಕತ್ತಿ?" ಅಂದವರಿಗೆ
"ಮೆಣಸಿನಕಾಯಿ" ಅಂತಿದ್ದೆ.
ಖರೇ ಅತ್ತ ದಿನಾನೂ
"ಮೆಣಸಿನಕಾಯಿ" ಅಂತನ ಅಂದೆ.
ಒಂದು ಲೆಕ್ಕಕ್ಕ ಉಪಯೋಗಾನ ಆತು ನೋಡ್ರಿ.

ಮೊದಲು ಕಿವಿ ಹಿಂದ ಎಂಟಾಣೆದಷ್ಟು,
ಆಮ್ಯಾಲ ರೂಪಾಯಿದಷ್ಟು,
ಆಮ್ಯಾಲ ಚಿಲ್ಲರೆ ಲೆಕ್ಕ ಸಾಲಲಿಲ್ಲ.
ಅವ್ವ ಉಳ್ಳಾಗಡ್ಡಿ ತಿಕ್ಕಿದ್ಲು.
ಹುಳಾ ತಿಂದಾವ ಅಂದ್ರು ಕೆಲವರು,
ಕೆಲವರು ಏನೂ ಅನ್ನದ ಅರಿಷಿಣ ಕುಂಕುಮದ ತಾಟು
ನನ್ನ ದಾಟಿಸಿ ಮುಂದ ಒಯ್ದರು.
ಜಂಪರ ಹೊಲಿಯೋ ರೇಣವ್ವ ಮಾತ್ರ
"ಕೊಳ್ಳಾಗ ಕೂದಲಾ ಅಡ್ಡ ಬರಂಗಿಲ್ಲ,
ಅಳತಿ ತಗೊಳ್ಳಾಕ ಸಸಾರ ಆತು ಬಿಡ" ಅಂದು
ತಾನ ಮೊದಲ ನಕ್ಕಳು.
ಆಮ್ಯಾಲ ನಾನೂ.

ಉದುರಿದ್ದನ್ನೆಲ್ಲಾ ಒಂದು ಕೈಚೀಲದಾಗ ಇಟ್ಟಿದ್ದೆ.
ಯಾಕಂತ ಕೇಳಬ್ಯಾಡ್ರಿ.
ಒಂದಿನ ಓಣ್ಯಾಗ "ತಲಿಗೂದ್ಲಾ… ಪಾತ್ರೀ…" ಅಂತ
ಕೂಗಕೋಂತ ಬಂದಾಕಿ ತಕ್ಕಡಿ ಎತ್ತಿದ್ಲು.
ನೂರಾ ನಲವತ್ತು ಗ್ರಾಂ.
ಬಗ್ಗಿ ನಾನ ಮುಳ್ಳು ನೋಡಿದೆ, ಕಣ್ಣಿನ ರೂಢಿ.
"ಎಷ್ಟ ಉದ್ದ ಅದಾವ, ಯಾರವು ತಂಗಿ?"
"ನಮ್ಮಕ್ಕಂದು" ಅಂದೆ.
ನನಗ ಅಕ್ಕ ಇಲ್ಲ.
ಒಂದು ಸ್ಟೀಲ್ ಲೋಟಾ ಕೊಟ್ಟು ಹೋದ್ಲು.

ಈಗ ಅದ ಲೋಟಾದಾಗ ನೀರು ಹಿಡಕೊಂಡು
ಮುಂಜಾನೆ ಒಂದು, ರಾತ್ರಿ ಒಂದು
ಹೊಸಾ ಗುಳಗಿ ನುಂಗತೀನಿ.
ಹುಬ್ಬಳ್ಳಿ ಡಾಕ್ಟರಮ್ಮ ಹೇಳಿದ್ರು:
"ಕಾವಲಿಗೆ ಇಟ್ಟ ನಾಯಿ ಮನಿ ಮಂದೀನ ಕಚ್ಚಾಕತ್ತೈತಿ,
ಈ ಗುಳಗಿ ಅದರ ಸರಪಳಿ."
"ಸರಪಳಿ ಹಾಕಿದಾಗ ಖರೇ ಕಳ್ಳರು ಬಂದ್ರ?"
"ಅದಕ್ಕ ತಿಂಗಳಾ ಬಂದು ರಕ್ತಾ ಕೊಡು."
"ಗುಳಗಿ ಬಿಟ್ರ?"
ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದ್ರು.

ಪ್ಯಾಸೆಂಜರ್ ರೈಲಿಗೆ ಹೋಗೂದು, ಅದಕ್ಕ ಬರೂದು.
ಅವ್ವನ ಬೋರಮಳ ಸರ ಸೊಸೈಟಿ ತಿಜೂರ್ಯಾಗ.
ಮೂರು ತಿಂಗಳು ಏನೂ ಇಲ್ಲ,
ಮಾರಿ ತುಂಬ ಗುಳ್ಳಿ ಮಾತ್ರ.
ನಲವತ್ತರ ಹತ್ರ ಹದಿನೆಂಟರ ಗುಳ್ಳಿ!
ದಿನಾ ರಾತ್ರಿ ಲೈಟ್ ಆರಿಸಿದ ಮ್ಯಾಲ
ತಲಿ ಮ್ಯಾಲ ಅಂಗೈ ಆಡಸತೀನಿ,
ಬಿತ್ತಿದ ಹೊಲಾ ಅಲ್ಲ ಅದು,
ತೊಳದಿಟ್ಟ ತಾಟು.

ಐದನೇ ತಿಂಗಳು, ಒಂದು ಗುರುವಾರ,
ಎಡಗಣ್ಣು ತುರಿಸಿತು.
ಧೂಳಿ ಅಂತ ಸೆರಗಿಲೆ ಒರಸಿದೆ, ಹೋಗಲಿಲ್ಲ.
ತೊಟ್ಟು ಬಿಡಿಸಾಕಿ ಫಕೀರವ್ವ ಎದ್ದು ಬಂದು
ಖಾರದ ಕೈ ಎರಡೂ ಬೆನ್ನ ಹಿಂದ ಇಟಗೊಂಡು
ಮಾರಿ ಹತ್ರ ಮಾರಿ ತಂದು ನೋಡಿದ್ಲು.
ಎಲಿಅಡಿಕಿ ವಾಸನಿ.
"ಅಯ್ಯ ನಮ್ಮವ್ವ,
ತೊಟ್ಟು ಬಂದಾವಲ್ಲ ನಿನ್ನ ಕಣ್ಣಿಗೆ!
ಎರಡು. ತಡಿ… ಮೂರು.
ಬೆಳ್ಳಗ ಅದಾವ."

ಆಕಿ ಬೆಳಗಿಂದ ಸಂಜಿತನಕ
ತೊಟ್ಟು ಕೀಳೂದ ಕೆಲಸ.
"ಇವನ್ನ ಮಾತ್ರ ನಾ ಮುಟ್ಟಂಗಿಲ್ಲ" ಅಂದು
ತನ್ನ ರಾಶಿಗೆ ಹೊಳ್ಳಿ ಹೋದ್ಲು.

ಅಷ್ಟರಾಗ ಕಾಂಟಾದ ಮ್ಯಾಲ ಇನ್ನೊಂದು ಚೀಲ.
ಹಮಾಲ "ಮೂವತ್ತೆಂಟು" ಅಂತ ಕೂಗಿದ.
ನಾ ಮೂರು ಅಂತ ಬರದೆ.
ಸಾಹುಕಾರ ಬೈದ್ರು. ಹೊಡದು ತಿದ್ದಿದೆ.

ಗೆರಿ ಕೆಳಗ ಮೂರು ಇನ್ನೂ ಕಾಣತೈತಿ.